ಕುಂಯ್, ಬುಸ್, ಟಿಕ್ ಟಿಕ್: ಕಾರ್ ಸ್ಟೀರಿಯೊದಲ್ಲಿ ಬೇಡದ ಸದ್ದುಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು: ಹಾಡಿನ ಜೊತೆಗೆ ಇನ್ನೇನೋ ಕೇಳಿಸುತ್ತದೆ. ಹಲವರು ಆಗಲೇ ನಾಯ್ಸ್ ಫಿಲ್ಟರ್ ಹಾಕಿಸಿದ್ದಾರೆ, ಸದ್ದು ಮಾತ್ರ ಹಾಗೇ ಇದೆ. ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಹುಡುಕದೆ ಸಾಮಾನು ಕೊಂಡರೆ ಹೀಗೇ ಆಗುವುದು. ಹುಡುಕುವುದು ಕಷ್ಟವೇನಲ್ಲ. ಎಂಜಿನ್ ರೇಸ್ ಮಾಡಿದಾಗ ಸದ್ದು ಬದಲಾಗುತ್ತದೆಯೇ? ವಾಲ್ಯೂಮ್ ತಿರುಗಿಸಿದಾಗ? ಯಾವುದಾದರೂ ಸ್ವಿಚ್ ಹಾಕಿದಾಗ? ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ರಿಪೇರಿ ಆದಂತೆ. ಕೈಯಲ್ಲಿ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇರಲಿ.

ಪ್ರಶ್ನೆ: ನನ್ನದು ಡೀಸೆಲ್ ಸ್ವಿಫ್ಟ್. ಕಳೆದ ತಿಂಗಳು ನಾಲ್ಕು ಚಾನಲ್‌ನ ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಸಬ್‌ವೂಫರ್ ಹಾಕಿಸಿದೆ. ಆವತ್ತಿನಿಂದ ಎಂಜಿನ್ ಸ್ಟಾರ್ಟ್ ಮಾಡಿದರೆ ಸ್ಪೀಕರ್‌ಗಳಲ್ಲಿ ಕುಂಯ್ ಎನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಸ್ವರ ಏರುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗುವುದಿಲ್ಲ. ಪವರ್ ವೈರಿಗೆ ಫಿಲ್ಟರ್ ಹಾಕಿಸಲೇ? (ಹಾಸನ)

ಉತ್ತರ: ಈಗಲೇ ಬೇಡ. ಇದು ಆಲ್ಟರ್ನೇಟರ್ ಸದ್ದು. ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸ್‌ನ ಎಸಿ; ಅದನ್ನು ಡಯೋಡುಗಳು ಡಿಸಿ ಮಾಡಿದ ಮೇಲೂ ಸ್ವಲ್ಪ ಏರಿಳಿತ ಉಳಿದೇ ಉಳಿಯುತ್ತದೆ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ, ಪುಲ್ಲಿ ಅನುಪಾತ 2.5 ಎಂದಿಟ್ಟುಕೊಂಡರೆ, ಆಲ್ಟರ್ನೇಟರ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ. 12 ಪೋಲಿನ ಯಂತ್ರವಾದರೆ ಆ ಏರಿಳಿತ ಸೆಕೆಂಡಿಗೆ 1200 ಸಲ. 2500 ಆರ್‌ಪಿಎಂಗೆ ಹೋದರೆ 3750 ಸಲ. ನಮ್ಮ ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಹಾಗಾಗಿ ಕೆಲವೇ ಮಿಲಿವೋಲ್ಟ್ ಒಳಗೆ ನುಸುಳಿದರೂ ಚೆನ್ನಾಗಿ ಕೇಳಿಸುತ್ತದೆ.

ಇಷ್ಟಕ್ಕೂ ಈ ಏರಿಳಿತ ಎಲ್ಲ ಕಾರುಗಳಲ್ಲೂ ಇರುತ್ತದೆ. ಅದು ಹಾಡಿನ ದಾರಿಗೆ ಬಂದದ್ದು ಹೇಗೆ ಎಂಬುದೇ ಪ್ರಶ್ನೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಸ್ಟೀರಿಯೊದ ಅರ್ತ್ (ಬ್ಯಾಟರಿ ಮೈನಸ್‌ಗೆ ಸೇರಿದ ಕಾರಿನ ಲೋಹದ ಮೈಗೆ ಕೊಡುವ ಜೋಡಣೆ) ಡ್ಯಾಶ್‌ಬೋರ್ಡಿನ ಹಿಂದೆ, ಆಂಪ್‌ನ ಅರ್ತ್ ಡಿಕ್ಕಿಯಲ್ಲಿ. ಆಂಪ್‌ನ ಅರ್ತ್ ಸಡಿಲವಾಗಿದ್ದರೆ ಅಥವಾ ಬಣ್ಣದ ಮೇಲೆ ಕೂತಿದ್ದರೆ ಎರಡು ಅರ್ತ್‌ಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆಗ ಆಂಪ್‌ನ ಕರೆಂಟಿನ ಒಂದು ಪಾಲು, ಸ್ಟೀರಿಯೊದಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ಕೇಬಲಿನ ಹೊರಕವಚದ ಮೂಲಕ ವಾಪಸು ಹರಿಯುತ್ತದೆ. ಹಾಡೂ ಅದೇ ಕವಚವನ್ನು ಅವಲಂಬಿಸಿರುವುದರಿಂದ ಎರಡೂ ಬೆರೆಯುತ್ತವೆ.

ಮೊದಲು ಎಲ್ಲವನ್ನೂ ಆಫ್ ಮಾಡಿ ಆಂಪ್‌ನಿಂದ ಆರ್‌ಸಿಎ ಪ್ಲಗ್‌ಗಳನ್ನು ಕಳಚಿ. ಎರಡು ಖಾಲಿ ಆರ್‌ಸಿಎ ಪ್ಲಗ್ ತಂದು, ಪ್ರತಿಯೊಂದರಲ್ಲೂ ನಡುವಿನ ಪಿನ್ನನ್ನು ಹೊರ ಉಂಗುರಕ್ಕೆ ತುಂಡು ವೈರಿನಿಂದ ಬೆಸೆದು ಆಂಪ್‌ಗೆ ಚುಚ್ಚಿ. ಎಂಜಿನ್ ಸ್ಟಾರ್ಟ್ ಮಾಡಿ. ಸದ್ದು ಇನ್ನೂ ಇದ್ದರೆ ದೋಷ ಆಂಪ್‌ನ ಪವರ್, ಅರ್ತ್ ಅಥವಾ ಸ್ಪೀಕರ್ ವೈರಿನಲ್ಲಿ. ಸದ್ದು ನಿಂತರೆ ಆರ್‌ಸಿಎ ಕಡೆಯಿಂದ ಬರುತ್ತಿದೆ ಎಂದರ್ಥ. ಈ ಒಂದು ಪರೀಕ್ಷೆಗೆ ಆಗುವ ಖರ್ಚು ಎರಡು ಪ್ಲಗ್‌ಗಳದ್ದು ಮಾತ್ರ, ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ನಿಂತಿತು ಎಂದುಕೊಳ್ಳೋಣ. ಆದರೂ ಮೊದಲು ನೋಡಬೇಕಾದದ್ದು ಆಂಪ್‌ನ ಅರ್ತ್ ಅನ್ನೇ. ಆರ್‌ಸಿಎಗಳನ್ನು ಮತ್ತೆ ಹಾಕಿ. ಮೀಟರನ್ನು ಡಿಸಿ 2 ವೋಲ್ಟ್ ರೇಂಜಿಗೆ ಇಟ್ಟು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ (ಉದ್ದದ ವೈರ್ ಬೇಕಾಗುತ್ತದೆ), ಇನ್ನೊಂದನ್ನು ಆಂಪ್‌ನ ಜಿಎನ್‌ಡಿ (ಅರ್ತ್) ಟರ್ಮಿನಲ್‌ಗೆ ಹಿಡಿದು, ಬೇಸ್ ಜೋರಾಗಿರುವ ಹಾಡು ಹಾಕಿ. 0.1 ವೋಲ್ಟ್ ಒಳಗಿದ್ದರೆ ಅರ್ತ್ ಸರಿಯಿದೆ. 0.3, 0.5 ಎಂದು ತೋರಿಸಿದರೆ ಕಳ್ಳ ಸಿಕ್ಕಿದ. ಓಮ್ಸ್ ರೇಂಜಿನಲ್ಲಿ ಅಳೆದು ಅರ್ತ್ ಚೆನ್ನಾಗಿದೆ ಎನ್ನುವವರ ಮಾತು ನಂಬಬೇಡಿ. ಮೀಟರಿನ ವೈರಿಗೇ 0.2-0.3 ಓಮ್ ಇರುತ್ತದೆ, ಆಂಪ್ ಕರೆಂಟ್ ಎಳೆಯುವಾಗ ಏನಾಗುತ್ತದೆ ಎಂಬುದೂ ಅದರಿಂದ ತಿಳಿಯುವುದಿಲ್ಲ.

ಅರ್ತ್ ಮಾಡುವ ಜಾಗದಲ್ಲಿ ಎರಡು ಮೂರು ಸೆಂಟಿಮೀಟರ್ ಅಗಲ ಬಣ್ಣವನ್ನು ಎಮರಿ ಪೇಪರ್‌ನಿಂದ ಪೂರಾ ಉಜ್ಜಿ, ಹೊಳೆಯುವ ಲೋಹ ಕಾಣಬೇಕು. ಲಗ್ (ವೈರ್ ತುದಿಯ ಲೋಹದ ಬಳೆ) ನೇರವಾಗಿ ಆ ಲೋಹದ ಮೇಲೆ ಕೂರಲಿ, ಮೇಲೆ ಸ್ಟಾರ್ ವಾಷರ್, ಬೋಲ್ಟ್. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಹಚ್ಚಿ, ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಸದ್ದು ಮತ್ತೆ ಬರುತ್ತದೆ. ಅರ್ತ್ ವೈರ್ 45 ಸೆಂಟಿಮೀಟರ್ ಮೀರದಿರಲಿ, ಪವರ್ ವೈರಿನಷ್ಟೇ ದಪ್ಪವಿರಲಿ. ಸೀಟ್ ಬೆಲ್ಟ್ ಬೋಲ್ಟಿಗೆ ಅರ್ತ್ ಕೊಡುವುದು ಕೆಟ್ಟ ಅಭ್ಯಾಸ. ಅದರ ಎಳೆಗಳಿಗೆ ಅಂಟು ಹಚ್ಚಿರುತ್ತಾರೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅದು ಜೀವ ಕಾಯುವ ಬೋಲ್ಟ್, ಬಿಚ್ಚಿ ಹಾಕಬಾರದು. ಹೊಸ ತೂತು ಕೊರೆಯುವುದಾದರೆ ಕಾರಿನ ಕೆಳಗೆ ಬಗ್ಗಿ ನೋಡಿ, ಟ್ಯಾಂಕ್, ಬ್ರೇಕ್ ಪೈಪ್ ಇರುವ ಕಡೆ ಡ್ರಿಲ್ ಇಳಿಸಬೇಡಿ.

ಬ್ಯಾಟರಿ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಪೆಟ್ಟಿಗೆಯಂಥ ಸೆನ್ಸರ್ ಇರುವ ಹೊಸ ಕಾರುಗಳ ಮಾಲೀಕರಿಗೆ ಒಂದು ಮಾತು: ಆಂಪ್‌ನ ಅರ್ತ್ ವೈರನ್ನು ನೇರವಾಗಿ ಬ್ಯಾಟರಿಯ ಮೈನಸ್ ಕಂಬಕ್ಕೆ ಕಟ್ಟಬೇಡಿ. ಆಗ ಆಂಪ್ ಎಳೆಯುವ ಕರೆಂಟ್ ಸೆನ್ಸರಿನ ಲೆಕ್ಕಕ್ಕೇ ಬರದೆ ಚಾರ್ಜಿಂಗ್ ಎಡವಟ್ಟಾಗುತ್ತದೆ. ಕಾರಿನ ಬಾಡಿಯ ಲೋಹಕ್ಕೇ ಕಟ್ಟಿ.

ಅರ್ತ್ ಸರಿಮಾಡಿದರೂ ಸದ್ದು ಇದೆಯೇ? ಇಯರ್‌ಫೋನ್ ಜ್ಯಾಕ್ ಇರುವ ಹಳೆಯ ಮೊಬೈಲ್ ಒಂದನ್ನು ಹುಡುಕಿ, ಚಾರ್ಜರ್ ಇಲ್ಲದೆ, ಆರ್‌ಸಿಎ ಕೇಬಲಿನ ಡ್ಯಾಶ್‌ಬೋರ್ಡ್ ತುದಿಗೆ ಜೋಡಿಸಿ ಹಾಡು ಹಾಕಿ. ಆಗಲೂ ಕುಂಯ್ ಎಂದರೆ ಕೇಬಲಿನ ದಾರಿ ತಪ್ಪು: ಪವರ್ ವೈರ್ ಜೊತೆ ಒಂದೇ ಕಟ್ಟಿನಲ್ಲಿ ಎಳೆದಿರುತ್ತಾರೆ. ಪವರ್ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ. ಮೊಬೈಲಿನಿಂದ ಹಾಡು ಶುದ್ಧವಾಗಿ ಬಂದರೆ ದೋಷ ಸ್ಟೀರಿಯೊ ಕಡೆ. ಅದರ ಲೋಹದ ಮೈಯಿಂದ 1.5 ಚದರ ಮಿಲಿಮೀಟರ್ ವೈರ್ ಎಳೆದು ಡ್ಯಾಶ್‌ಬೋರ್ಡಿನ ಹಿಂದಿನ ಉಕ್ಕಿನ ತೊಲೆಗೆ ಬಿಗಿ ಮಾಡಿ ನೋಡಿ.

ಅದಕ್ಕೂ ಜಗ್ಗದಿದ್ದರೆ ಉಳಿದದ್ದು ಸ್ಟೀರಿಯೊ ಬೋರ್ಡಿನ ಒಳಗಿನ ಪುಟ್ಟ ಫ್ಯೂಸ್. ಕೆಲವು ಸ್ಟೀರಿಯೊಗಳಲ್ಲಿ ಆರ್‌ಸಿಎ ಕವಚಕ್ಕೆ ಅರ್ತ್ ಸಿಗುವುದೇ ಒಂದು ಪಿಕೊ ಫ್ಯೂಸ್ ಮೂಲಕ. ಬ್ಯಾಟರಿ ಕಳಚದೆ ಆಂಪ್‌ನ ಅರ್ತ್ ಬಿಚ್ಚಿದರೆ ಆಂಪ್‌ನ ಕರೆಂಟೆಲ್ಲ ಈ ದಾರಿ ಹಿಡಿದು ಫ್ಯೂಸ್ ಸುಟ್ಟುಹೋಗುತ್ತದೆ. ಪರೀಕ್ಷೆ ಸುಲಭ: ಸದ್ದು ಬರುತ್ತಿರುವಾಗಲೇ ತುಂಡು ವೈರಿನ ಒಂದು ತುದಿಯನ್ನು ಆರ್‌ಸಿಎ ಹೊರ ಉಂಗುರಕ್ಕೂ ಇನ್ನೊಂದನ್ನು ಸ್ಟೀರಿಯೊದ ಮೈಗೂ ತಾಗಿಸಿ. ಸದ್ದು ತಟ್ಟನೆ ನಿಂತರೆ ಅದೇ. ಬೋರ್ಡ್ ಬಿಚ್ಚಿ ಫ್ಯೂಸ್ ಬದಲಿಸುವುದು ಸರಿಯಾದ ರಿಪೇರಿ. ಮುಂದೆ ಯಾರೇ ಕೆಲಸ ಮಾಡಲಿ, ಮೊದಲು ಬ್ಯಾಟರಿ ಮೈನಸ್ ಕಳಚಲು ಹೇಳಿ. ಅಂದಹಾಗೆ, ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೆ ಪವರ್ ವೈರಿಗೆ ಫ್ಯೂಸ್ ಹಾಕಿದ್ದಾರೆಯೇ ನೋಡಿ. ಸದ್ದಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅದಿಲ್ಲದೆ ಕಾರು ಓಡಿಸಬಾರದು. ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ ಗತಿ.

ಪ್ರಶ್ನೆ: ಆಕ್ಸ್ ವೈರಿನಲ್ಲಿ ಮೊಬೈಲ್ ಹಾಡು ಚೆನ್ನಾಗಿಯೇ ಬರುತ್ತದೆ. ಮೊಬೈಲನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿದ ಕೂಡಲೇ ಗುಂಯ್ ಎನ್ನುತ್ತದೆ. (ಬಂಟ್ವಾಳ)

ಉತ್ತರ: ಚಾರ್ಜರಿನ ಅರ್ತ್ ಒಂದು, ಆಕ್ಸ್ ವೈರಿನ ಅರ್ತ್ ಇನ್ನೊಂದು. ಎರಡೂ ಮೊಬೈಲಿನ ಒಳಗೆ ಸೇರಿ ವರ್ತುಲವಾಗುತ್ತದೆ. ಮೇಲಿನ ಉತ್ತರದ ಕಥೆಯೇ, ಸಣ್ಣ ರೂಪದಲ್ಲಿ. ಆಕ್ಸ್ ವೈರಿನ ನಡುವೆ 3.5 ಮಿಲಿಮೀಟರ್ ಜ್ಯಾಕಿನ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ. ಅದರೊಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಹಾಡು ದಾಟುತ್ತದೆ, ಅರ್ತ್ ದಾಟುವುದಿಲ್ಲ. ಅಗ್ಗದವುಗಳಲ್ಲಿ ಆಳದ ಬೇಸ್ ಸೊರಗುತ್ತದೆ ಎನ್ನುವುದು ನಿಜ. ಬ್ಲೂಟೂತ್ ಇದ್ದರೆ ವೈರಿನ ಗೊಡವೆಯೇ ಬೇಡ. ಆದರೆ ಆಕ್ಸ್‌ಗೆ ಚುಚ್ಚುವ ಬ್ಲೂಟೂತ್ ರಿಸೀವರನ್ನು ಅದೇ ಚಾರ್ಜರಿನಿಂದ ನಡೆಸಿದರೆ ಗುಂಯ್ ಮರಳಿ ಬರುತ್ತದೆ, ತನ್ನದೇ ಬ್ಯಾಟರಿ ಇರುವ ರಿಸೀವರ್ ಕೊಳ್ಳಿ.

ಪ್ರಶ್ನೆ: ಎಂಜಿನ್ ಆಫ್ ಇದ್ದರೂ ಟ್ವೀಟರ್‌ಗಳಲ್ಲಿ (ಎತ್ತರದ ಸ್ವರದ ಸಣ್ಣ ಸ್ಪೀಕರ್) ಬುಸ್ ಎನ್ನುವ ಸದ್ದು. ಹಾಡುಗಳ ನಡುವೆ ತುಂಬಾ ಕಿರಿಕಿರಿ. ರೇಸ್ ಮಾಡಿದರೆ ಬದಲಾಗುವುದಿಲ್ಲ. (ಧಾರವಾಡ)

ಉತ್ತರ: ಹಾಡನ್ನು ನಡುವೆ ನಿಲ್ಲಿಸಿ (ಪಾಜ್ ಮಾಡಿ) ವಾಲ್ಯೂಮ್ ಮೇಲೆ ಕೆಳಗೆ ತಿರುಗಿಸಿ. ಬುಸ್ ಕೂಡ ಏರಿಳಿದರೆ ಅದು ರೇಡಿಯೊ, ಬ್ಲೂಟೂತ್ ಮುಂತಾದ ಮೂಲದ್ದು. ಬ್ಲೂಟೂತ್ ಆದರೆ ಮೊಬೈಲಿನ ವಾಲ್ಯೂಮನ್ನು ಪೂರ್ತಿ ಏರಿಸಿ, ಕಾರಿನಲ್ಲಿ ಇಳಿಸಿ. ಬುಸ್ ಒಂದೇ ಸಮ ಇದ್ದರೆ ಆಂಪ್‌ನ ಗೇನ್ ವಿಪರೀತ ಏರಿಸಿದ್ದಾರೆ ಎಂದೇ ಲೆಕ್ಕ.

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ 2 ಅಥವಾ 4 ವೋಲ್ಟಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಹೆಚ್ಚಿಸಿದರೆ ಆಂಪ್‌ನ ಶಕ್ತಿ ಹೆಚ್ಚುವುದಿಲ್ಲ, ಬುಸ್ ಹೆಚ್ಚುತ್ತದೆ, ಹಾಡು ಒಡೆಯುತ್ತದೆ. ಕಿವಿಯ ಅಂದಾಜಿಗೆ ಬಿಡದೆ ಅಳೆದೇ ಹೊಂದಿಸಿ. ಸ್ಪೀಕರ್ ವೈರುಗಳನ್ನು ಆಂಪ್‌ನಿಂದ ಬಿಚ್ಚಿ. ಈಕ್ವಲೈಸರ್ ಸೊನ್ನೆಗೆ, ಬೇಸ್ ಬೂಸ್ಟ್ ಆಫ್, ಕ್ರಾಸ್‌ಓವರ್ (ತಗ್ಗಿನ, ಎತ್ತರದ ಸ್ವರಗಳನ್ನು ಬೇರ್ಪಡಿಸುವ ಫಿಲ್ಟರ್) ಆಫ್. ಗೇನ್ ಪೂರ್ತಿ ಕೆಳಗೆ. 300 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಡಿ. ಸಬ್ ಚಾನಲ್ಲಿಗಾದರೆ 50 ಹರ್ಟ್ಸ್. ಎಲ್ಲರೂ ಹೇಳುವ 1000 ಹರ್ಟ್ಸ್ ಟೋನನ್ನು ಅಗ್ಗದ ಮೀಟರ್‌ಗಳು ಸರಿಯಾಗಿ ಅಳೆಯುವುದಿಲ್ಲ, ಅವುಗಳ ಎಸಿ ಲೆಕ್ಕ ಸುಮಾರು 400 ಹರ್ಟ್ಸ್‌ವರೆಗೆ ಮಾತ್ರ ನಂಬಿಗಸ್ತ. ಈಗ ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಎಸಿ ವೋಲ್ಟ್ ನೋಡುತ್ತ ಗೇನ್ ನಿಧಾನಕ್ಕೆ ಏರಿಸಿ. ಎಲ್ಲಿಗೆ ನಿಲ್ಲಿಸಬೇಕು? ಆಂಪ್‌ನ ಆರ್‌ಎಂಎಸ್ ವ್ಯಾಟನ್ನು (ಅದು ನಿರಂತರವಾಗಿ ಕೊಡಬಲ್ಲ ಶಕ್ತಿ) ಸ್ಪೀಕರಿನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200ರ ವರ್ಗಮೂಲ, ಅಂದರೆ 14.1 ವೋಲ್ಟ್. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ 1000 ವ್ಯಾಟ್, 1200 ವ್ಯಾಟ್ ಲೆಕ್ಕಕ್ಕಿಲ್ಲ, ಆರ್‌ಎಂಎಸ್ ಎಂದು ನಮೂದಿಸಿದ್ದನ್ನೇ ಹಿಡಿಯಿರಿ.

ಆಮೇಲೂ ಸ್ವಲ್ಪ ಬುಸ್ ಉಳಿದರೆ ಟ್ವೀಟರ್‌ನ ಕ್ರಾಸ್‌ಓವರ್ ಪೆಟ್ಟಿಗೆಯಲ್ಲಿ ಮೈನಸ್ 3 ಡೆಸಿಬೆಲ್ ಸ್ವಿಚ್ ಇದೆಯೇ ನೋಡಿ. ಅದನ್ನು ಹಾಕಿದಷ್ಟೂ ಬುಸ್ ತಗ್ಗುತ್ತದೆ.

ಪ್ರಶ್ನೆ: ಡ್ಯಾಶ್‌ಕ್ಯಾಮ್ ಮತ್ತು ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದ ಮೇಲೆ ಮೈಸೂರು ಆಕಾಶವಾಣಿಯ 100.6 ಎಫ್‌ಎಂ ಬರೀ ಗರಗರ. ಮೈಸೂರು ಹತ್ತಿರ ಹೋದರೆ ಸರಿಹೋಗುತ್ತದೆ. (ಎಚ್.ಡಿ. ಕೋಟೆ)

ಉತ್ತರ: ಕ್ಯಾಮೆರಾದ ಚಾರ್ಜರ್ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವುದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟನ್ನು ಕತ್ತರಿಸಿ. ಎಲ್‌ಇಡಿ ಬಲ್ಬಿನ ಡ್ರೈವರೂ ಹಾಗೆಯೇ. ಆ ಕತ್ತರಿಕೆಯ ಮರಿ ಅಲೆಗಳು ಎಫ್‌ಎಂ ಪಟ್ಟಿಯವರೆಗೂ ಏರುತ್ತವೆ. ಪ್ರಸಾರ ಕೇಂದ್ರದ ಹತ್ತಿರ ಸಿಗ್ನಲ್ ಬಲವಾಗಿರುವುದರಿಂದ ಗೊತ್ತಾಗುವುದಿಲ್ಲ, ನಿಮ್ಮಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ ಸೋತು ಗರಗರವೇ ಗೆಲ್ಲುತ್ತದೆ.

ಎಂಜಿನ್ ಆಫ್ ಮಾಡಿ, ಕೀಲಿ ಆನ್ ಇಟ್ಟು, ಒಂದೊಂದನ್ನೇ ಬೇರೆ ಮಾಡಿ. ಹೆಡ್‌ಲೈಟ್ ಆಫ್, ಕ್ಯಾಮೆರಾ ಕಿತ್ತಿಡಿ. ಶುದ್ಧವಾಯಿತೇ? ಈಗ ಕ್ಯಾಮೆರಾವನ್ನು ಪವರ್ ಬ್ಯಾಂಕಿನಿಂದ ನಡೆಸಿ. ಗರಗರ ಬಾರದಿದ್ದರೆ ತಪ್ಪು ಚಾರ್ಜರಿನದ್ದು, ಕ್ಯಾಮೆರಾ ಕಂಪನಿಯದ್ದೇ ಒಳ್ಳೆಯ ಚಾರ್ಜರ್ ತನ್ನಿ. ಆಗಲೂ ಬಂದರೆ ಕ್ಯಾಮೆರಾ ಇಲ್ಲವೇ ಅದರ ವೈರ್ ಆಂಟೆನಾ ಕೇಬಲಿಗೆ ತೀರಾ ಹತ್ತಿರವಿದೆ. ಆಂಟೆನಾ ವೈರ್ ಯಾವ ಬದಿಯ ಕಂಬದಲ್ಲಿ ಇಳಿಯುತ್ತದೋ ನೋಡಿ, ಕ್ಯಾಮೆರಾ ವೈರನ್ನು ಎದುರು ಬದಿಯಿಂದ ಇಳಿಸಿ.

ಕ್ಲಿಪ್ ಹಾಕುವ ಫೆರೈಟ್ ಉಂಗುರ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಹಾಕುವ ಜಾಗ ಸರಿಯಿರಬೇಕು ಅಷ್ಟೆ. ಸದ್ದು ಹುಟ್ಟುವ ಕಡೆಗೆ, ಅಂದರೆ ಚಾರ್ಜರಿನ ಬುಡಕ್ಕೇ ಹಾಕಿ. ಪ್ಲಸ್ ಮೈನಸ್ ಎರಡೂ ಒಟ್ಟಿಗೆ ಅದರೊಳಗೆ ಹೋಗಬೇಕು. ಜಾಗವಿದ್ದರೆ ವೈರನ್ನು ಮೂರು ಸಲ ಸುತ್ತಿಸಿ: ತಡೆ ಮೂರು ಪಟ್ಟಲ್ಲ, ಸುಮಾರು ಒಂಬತ್ತು ಪಟ್ಟು ಹೆಚ್ಚುತ್ತದೆ. ಹೆಡ್‌ಲೈಟ್ ಡ್ರೈವರಿಗೂ ಇದನ್ನೇ ಮಾಡಿ. ಆದರೂ ಬಗ್ಗದಿದ್ದರೆ ಹಳೆಯ 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬನ್ನೇ ಮರಳಿ ಹಾಕುವುದು ನಮ್ಮ ಸಲಹೆ. ಅದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಗರಗರವೂ ಇಲ್ಲ.

ಪ್ರಶ್ನೆ: ಕೀಲಿ ತಿರುಗಿಸಿದ ಕೂಡಲೇ ಸಬ್‌ನಿಂದ ಧುಪ್ ಎಂದು ಗುದ್ದಿದಂತೆ ಸದ್ದು. ಸ್ಪೀಕರ್ ಹಾಳಾದೀತೇ? (ದಾವಣಗೆರೆ)

ಉತ್ತರ: ದಿನವೂ ಜೋರಾಗಿ ಗುದ್ದುತ್ತಿದ್ದರೆ ಸ್ಪೀಕರಿಗೆ ಒಳ್ಳೆಯದಲ್ಲ. ಆಂಪ್‌ನ ರಿಮೋಟ್ ವೈರನ್ನು (ಆಂಪ್‌ಗೆ ಆನ್ ಆಗಲು ಹೇಳುವ ವೈರ್) ಕೀಲಿ ತಿರುಗಿಸಿದಾಗ ಕರೆಂಟ್ ಬರುವ ಎಸಿಸಿ ಲೈನಿನಿಂದ ಕದ್ದಿರುತ್ತಾರೆ. ಹಾಗಾದಾಗ ಆಂಪ್ ಮೊದಲು ಎದ್ದು, ಸ್ಟೀರಿಯೊ ಆಮೇಲೆ ಏಳುವಾಗಿನ ಜಿಗಿತವನ್ನೆಲ್ಲ ಸಬ್‌ಗೆ ಕಳಿಸುತ್ತದೆ. ರಿಮೋಟ್ ವೈರ್ ಸ್ಟೀರಿಯೊದ ನೀಲಿ-ಬಿಳಿ ಪಟ್ಟೆ ವೈರಿಗೇ ಸೇರಬೇಕು. ಬರೀ ನೀಲಿ ವೈರಿಗಲ್ಲ, ಅದು ಆಂಟೆನಾಕ್ಕೆ, ಎಷ್ಟೋ ಸ್ಟೀರಿಯೊಗಳಲ್ಲಿ ರೇಡಿಯೊ ಹಾಕಿದಾಗ ಮಾತ್ರ ಅದಕ್ಕೆ ಕರೆಂಟ್ ಬರುತ್ತದೆ.

ಪ್ರಶ್ನೆ: ಬೇಸ್ ಬಂದಾಗಲೆಲ್ಲ ಮುಂದಿನ ಎಡ ಬಾಗಿಲು ಗಡಗಡ ಎನ್ನುತ್ತದೆ. ಸ್ಪೀಕರ್ ಹೊಸದು, 6.5 ಇಂಚು. ಡ್ಯಾಂಪಿಂಗ್ ಶೀಟ್ ಹಾಕಿಸಬಹುದೇ? ನಮ್ಮಲ್ಲಿ ಮಳೆ ವಿಪರೀತ. (ಕುಂದಾಪುರ)

ಉತ್ತರ: ಸ್ಪೀಕರ್ ತಾನೇ ಗರಗರ ಎನ್ನುತ್ತಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಜಾಲರಿ ತೆಗೆದು, ಐದೂ ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ. ಕೆರೆದ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ, ಹೊಸದಾದರೂ ಸ್ಪೀಕರ್ ಬದಲಿಸಲೇಬೇಕು. ಸದ್ದಿಲ್ಲದಿದ್ದರೆ ಮೊಬೈಲಿನಲ್ಲಿ 40ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿ, ವಾಲ್ಯೂಮ್ ಮಧ್ಯಮವಾಗಿರಲಿ. ಗಡಗಡ ಶುರುವಾದ ಹರ್ಟ್ಸ್‌ನಲ್ಲೇ ಟೋನನ್ನು ಹಾಗೇ ನುಡಿಯಲು ಬಿಟ್ಟು, ಬಾಗಿಲಿನ ಪ್ಯಾಡನ್ನು ಅಂಗೈಯಿಂದ ಅಲ್ಲಲ್ಲಿ ಒತ್ತುತ್ತ ಹೋಗಿ. ಒತ್ತಿದಾಗ ನಿಂತ ಜಾಗವೇ ಮೂಲ. ಗಾಜು ಇಳಿಸಿದಾಗ ಏರಿಸಿದಾಗ ಸದ್ದು ಬದಲಾದರೆ ಗಾಜಿನ ಹಳಿ. ಬಹಳ ಸಲ ಕಾರಣ ಮುರಿದ ಪ್ಲಾಸ್ಟಿಕ್ ಕ್ಲಿಪ್. ಸ್ಪೀಕರ್ ಹಾಕುವಾಗ ಪ್ಯಾಡ್ ಎಳೆದು ತೆಗೆದವರು ಮುರಿದದ್ದನ್ನು ಬದಲಿಸಿರುವುದಿಲ್ಲ. ಕೆಲವೇ ರೂಪಾಯಿಯ ಕ್ಲಿಪ್, ಪೂರಾ ಸೆಟ್ ಬದಲಿಸಿ.

ಶೀಟ್ ಹಾಕಿಸಬಹುದು. 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ (ರಬ್ಬರ್) ಶೀಟ್ ಸಾಕು, ಹೊರ ತಗಡಿನ ಒಳಮೈಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ತಗಡಿನ ಕಂಪನ ಅಡಗುತ್ತದೆ. ಪೂರ್ತಿ ಮುಚ್ಚಿ ಬಾಗಿಲಿನ ಭಾರ ಹೆಚ್ಚಿಸುವುದು ಬೇಡ. ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿಸಿ, ರೋಲರ್‌ನಿಂದ ಉಜ್ಜಿ ಅಂಟಿಸಬೇಕು. ಡಾಂಬರಿನ ಅಗ್ಗದ ಶೀಟ್ ಬಿಸಿಲಿಗೆ ಕರಗಿ ಜಾರುತ್ತದೆ, ವಾಸನೆಯನ್ನೂ ಬಿಡುತ್ತದೆ.

ನಿಮ್ಮ ಕರಾವಳಿಯ ಮಳೆಗೆ ಎರಡು ವಿಷಯ ತಪ್ಪಬಾರದು. ಬಾಗಿಲಿನ ತಳದ ನೀರು ಇಳಿಯುವ ತೂತುಗಳನ್ನು ಶೀಟಿನಿಂದ ಮುಚ್ಚಬಾರದು, ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ಕೊಳೆಯುತ್ತದೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಲು ಬಿಡಬೇಡಿ, ಗಾಜಿನ ಮೇಲಿಂದ ಇಳಿದ ನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ಸ್ಪೀಕರ್ ಕೂರುವ ಉಂಗುರ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ಕಿನದು ಹಾಕಿಸಿ.

ಪ್ರಶ್ನೆ: ಹಳೆಯ ಪೆಟ್ರೋಲ್ ಓಮ್ನಿ. ರೇಡಿಯೊದಲ್ಲಿ ಟಿಕ್ ಟಿಕ್ ಎಂದು ಬಂದು, ರೇಸ್ ಮಾಡಿದರೆ ಟಿರ್ರ್ ಎನ್ನುತ್ತದೆ. ಪೆನ್‌ಡ್ರೈವ್ ಹಾಡಿನಲ್ಲಿ ಇಲ್ಲ. (ಬಳ್ಳಾರಿ)

ಉತ್ತರ: ಪೆನ್‌ಡ್ರೈವಿನಲ್ಲಿ ಇಲ್ಲ ಎಂದು ಬರೆದದ್ದು ಒಳ್ಳೆಯದಾಯಿತು. ಸದ್ದು ಬರುತ್ತಿರುವುದು ಆಂಟೆನಾ ಮೂಲಕ, ಹುಟ್ಟುತ್ತಿರುವುದು ಸ್ಪಾರ್ಕಿನಲ್ಲಿ. (ಡೀಸೆಲ್ ಗಾಡಿಗೆ ಸ್ಪಾರ್ಕ್ ಇಲ್ಲ, ಅದರಲ್ಲಿ ಟಿಕ್ ಟಿಕ್ ಬಂದರೆ ಬೇರೆ ಕಾರಣ ಹುಡುಕಬೇಕು.) ಖಾತ್ರಿಗೆ ಆಂಟೆನಾ ಪ್ಲಗ್ ಕಿತ್ತು ನೋಡಿ, ಟಿಕ್ ಟಿಕ್ ನಿಲ್ಲಬೇಕು. ನಂತರ ಸ್ಪಾರ್ಕ್ ಪ್ಲಗ್‌ಗಳ ನಂಬರ್ ಓದಿ. ಎನ್‌ಜಿಕೆ ಪ್ಲಗ್ ಆದರೆ ಬಿಪಿಆರ್5ಇಎಸ್ ಎಂಬಂತೆ ನಡುವೆ ಆರ್ ಅಕ್ಷರ ಇರಬೇಕು, ಒಳಗೆ ಸುಮಾರು 5 ಕಿಲೊ ಓಮ್ ರೆಸಿಸ್ಟರ್ ಇದೆ ಎಂಬ ಗುರುತು ಅದು. ಆರ್ ಇಲ್ಲದ ಪ್ಲಗ್ ಹಾಕಿದ್ದರೆ ನಿಮ್ಮ ಗಾಡಿಗೆ ಹೇಳಿದ ಆರ್ ಇರುವುದನ್ನೇ ಹಾಕಿಸಿ. ಪ್ಲಗ್ ವೈರುಗಳನ್ನು ಕಳಚಿ ಒಂದೊಂದನ್ನೂ ಅಳೆಯಿರಿ. ಕಿಲೊ ಓಮ್‌ಗಳಲ್ಲಿ ಏನಾದರೂ ತೋರಿಸಬೇಕು, ಏನೂ ತೋರಿಸದಿದ್ದರೆ ಒಳಗೆ ತುಂಡಾಗಿ ಅಲ್ಲೂ ಕಿಡಿ ಹಾರುತ್ತಿದೆ. ಆಂಟೆನಾ ಬುಡದ ತುಕ್ಕನ್ನೂ ಕೆರೆದು ಬಿಗಿ ಮಾಡಿ, ಬುಡಕ್ಕೆ ಅರ್ತ್ ಇಲ್ಲದ ಆಂಟೆನಾ ಎಂಜಿನ್ನಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ.

ಪ್ರಶ್ನೆ: ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ. ಯಾವ ಬದಲಾವಣೆಯನ್ನೂ ಮಾಡಿಲ್ಲ. ಈಗ ಇದ್ದಕ್ಕಿದ್ದಂತೆ ಕುಂಯ್ ಶುರುವಾಗಿದೆ. ದೊಡ್ಡ ಕೆಪಾಸಿಟರ್ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. (ವಿಜಯಪುರ)

ಉತ್ತರ: ಕೆಪಾಸಿಟರ್ ಬೇಡ. ಇದ್ದಕ್ಕಿದ್ದಂತೆ ಬಂದ ಕುಂಯ್‌ಗೆ ಸ್ಟೀರಿಯೊಗಿಂತ ಮೊದಲು ಆಲ್ಟರ್ನೇಟರನ್ನು ಅನುಮಾನಿಸಬೇಕು. ಎಂಜಿನ್ ಸುಮಾರು 2000 ಆರ್‌ಪಿಎಂನಲ್ಲಿ ಇರಲಿ, ಹೆಡ್‌ಲೈಟ್, ಬ್ಲೋವರ್ ಎರಡೂ ಆನ್ ಇರಲಿ. ಬ್ಯಾಟರಿ ಮೇಲೆ ಡಿಸಿ ಅಳೆದರೆ ಮಾಮೂಲಿ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಈಗ ಮೀಟರನ್ನು ಎಸಿಗೆ ತಿರುಗಿಸಿ. 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಒಳಗಿನ ಡಯೋಡ್ ಹೋಗಿದೆ. ಎಸಿಯಲ್ಲಿ 28, 30 ಎಂದು ತೋರಿಸಿದರೆ ಗಾಬರಿ ಬೇಡ. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನು ತಡೆಯದೆ ಸುಳ್ಳು ಲೆಕ್ಕ ಕೊಡುತ್ತವೆ, ಬೇರೆ ಮೀಟರ್ ತಂದು ನೋಡಿ. ಬೆಳಿಗ್ಗೆ ಬ್ಯಾಟರಿ ಸೋತಿರುವುದು, ಮೀಟರ್ ಫಲಕದಲ್ಲಿ ಬ್ಯಾಟರಿ ದೀಪ ಮಂಕಾಗಿ ಉರಿಯುವುದು ಕೂಡ ಕೆಟ್ಟ ಡಯೋಡಿನ ಲಕ್ಷಣ. ಆಟೊ ಎಲೆಕ್ಟ್ರಿಷಿಯನ್ ಬಳಿ ಡಯೋಡ್ ಪ್ಲೇಟ್ ಮಾತ್ರ ಬದಲಿಸಲು ಆಗುತ್ತದೆಯೇ ಕೇಳಿ, ಎಷ್ಟೋ ಸಲ ಇಡೀ ಆಲ್ಟರ್ನೇಟರ್ ಬೇಕಿಲ್ಲ.

ಎಸಿ ಲೆಕ್ಕ ಸರಿಯಿದ್ದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ನೋಡಿ. ಎಲ್ಲ ದೀಪ ಉರಿಸಿ, ಬ್ಯಾಟರಿ ಮೈನಸ್‌ಗೂ ಆಲ್ಟರ್ನೇಟರಿನ ಮೈಗೂ ನಡುವೆ ಡಿಸಿ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಪಟ್ಟಿ ಬಿಚ್ಚಿ ಎರಡೂ ತುದಿ ಉಜ್ಜಿ, ಎಳೆಗಳು ಹಸಿರುಗಟ್ಟಿದ್ದರೆ ಹೊಸ ಪಟ್ಟಿಯನ್ನೇ ಹಾಕಿಸಿ. ಹಾಗೆಯೇ ಬಾನೆಟ್ ಒಳಗೆ, ಡಿಕ್ಕಿಯ ಮ್ಯಾಟಿನ ಕೆಳಗೆ ಇಲಿ ಕಡಿದ ಗುರುತಿದೆಯೇ ನೋಡಿ. ಸಿಪ್ಪೆ ಹೋದ ಸ್ಪೀಕರ್ ವೈರ್ ಬಾಡಿಗೆ ತಗುಲಿದರೂ ಇಂಥದೇ ಸದ್ದು ಬರಬಹುದು. ಸ್ಟೀರಿಯೊದ ಸ್ಪೀಕರ್ ಮೈನಸ್ ಎಂದರೆ ಅರ್ತ್ ಅಲ್ಲ. ಅದರಲ್ಲೂ ಸುಮಾರು 6 ವೋಲ್ಟ್ ನಿಂತಿರುತ್ತದೆ, ಬಾಡಿಗೆ ತಾಗಿದರೆ ಸ್ಟೀರಿಯೊದ ಒಳಗಿನ ಐಸಿಯೇ ಸುಡಬಹುದು. ಅಂಥ ವೈರ್ ಸಿಕ್ಕರೆ ಬರೀ ಟೇಪ್ ಸುತ್ತಬೇಡಿ, ಕತ್ತರಿಸಿ ಬೆಸೆದು ಹೀಟ್ ಶ್ರಿಂಕ್ ತೊಡಿಸಿ.